ಮೂರನೆಯವನಿಗೆ ಹಾಕಿದ ಓಟು



ಚುನಾವಣೆ ಬಂತೆಂದರೆ ದೊಡ್ಡ ಪಕ್ಷದವರು ಕೇರಿಗೆ ಬಂದು ಹೇಳೋದು ಒಂದೇ ಮಾತು: "ಗೆಲ್ಲದವನಿಗೆ ಹಾಕಿ ಓಟು ಯಾಕ ಹಾಳು ಮಾಡ್ಕೋತೀರಿ?" ಸೋತ ಮರುದಿನ ಅದೇ ಬಾಯಿ ಹೇಳುತ್ತದೆ: "ಮೂರನೆಯವನು ನಮ್ಮ ಓಟು ಒಡೆದ." ಹಾಳಾದ ಓಟು ಇನ್ನೊಬ್ಬನನ್ನು ಸೋಲಿಸುವುದು ಹೇಗೆ ಸ್ವಾಮಿ?

ನಮ್ಮ ಮನೆ ಬಾಗಿಲ ಲೆಕ್ಕವನ್ನೇ ನೋಡೋಣ. ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿ ಒಂದು ವಿಧಾನಸಭಾ ಕ್ಷೇತ್ರ. 2023ರಲ್ಲಿ ಕಾಂಗ್ರೆಸ್ಸಿನ ಆರ್.ವಿ. ದೇಶಪಾಂಡೆ ಬಿಜೆಪಿಯ ಸುನೀಲ ಹೆಗಡೆಯವರನ್ನು ಸೋಲಿಸಿದ್ದು 3,623 ಓಟಿನಿಂದ. ಮೂರನೆಯವರಾಗಿ ನಿಂತ ಜೆಡಿಎಸ್‌ನ ಎಸ್.ಎಲ್. ಘೋಟ್ನೇಕರ ಪಡೆದದ್ದು 28,814. ಅಂತರದ ಹೆಚ್ಚುಕಡಿಮೆ ಎಂಟು ಪಟ್ಟು! ಅವರು ಕಾಂಗ್ರೆಸ್ಸಿನಿಂದ ಹೊರಬಂದವರು, ಆದರೂ ಕಾಂಗ್ರೆಸ್ಸೇ ಗೆದ್ದಿತು. ಹಾಗಾಗಿ ಮೂರನೆಯವನ ಓಟನ್ನೆಲ್ಲ ಗಂಟು ಕಟ್ಟಿ ಒಬ್ಬನ ಖಾತೆಗೆ ಬರೆಯುವ ಲೆಕ್ಕ ಸುಳ್ಳು ಲೆಕ್ಕ. ಆತ ನಿಲ್ಲದಿದ್ದರೆ ಕೆಲವರು ಅತ್ತ, ಕೆಲವರು ಇತ್ತ, ಇನ್ನು ಕೆಲವರು ಬೂತಿಗೇ ಬರುತ್ತಿರಲಿಲ್ಲ.

ಮುಂಡಗೋಡ ಸೇರುವುದು ಯಲ್ಲಾಪುರ ಕ್ಷೇತ್ರಕ್ಕೆ. ಅಲ್ಲಿ 2018ರ ಅಂತರ 1,483. ಘಟ್ಟ ಇಳಿದರೆ ಕುಮಟಾ. 2023ರಲ್ಲಿ ಅಲ್ಲಿ 676. ಕೆಲವೇ ಹಾಸ್ಟೆಲಿನ ಹುಡುಗರು ಸೇರಿದರೆ ಆಗುವಷ್ಟು ಮಂದಿ.

ಅಮೆರಿಕದಂಥ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಬಂದವನಿಗೆ ಆ ರಾಜ್ಯದ ಪಾಲು ಪೂರಾ ಸಿಗುತ್ತದೆ. ಹಾಗಾಗಿ ಯಾವ ಕಡೆಗೂ ವಾಲಬಹುದಾದ ನಾಲ್ಕಾರು ರಾಜ್ಯಗಳೇ ಅಧ್ಯಕ್ಷನನ್ನು ಆರಿಸುವುದು. 2000ದಲ್ಲಿ ಫ್ಲಾರಿಡಾದಲ್ಲಿ ಬುಷ್ 537 ಓಟಿನಿಂದ ಗೆದ್ದು ಅಧ್ಯಕ್ಷನಾದ. ಮೂರನೆಯ ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ 97 ಸಾವಿರ ದಾಟಿ ಬಿದ್ದಿತ್ತು. ಸೋತವರು ಅವನನ್ನು ವರ್ಷಗಟ್ಟಲೆ ಬೈದರು. ಆ ಓಟುದಾರರು ಯಾಕೆ ಮುನಿಸಿಕೊಂಡಿದ್ದರು ಎಂದು ಕೇಳಿದವರು ಕಡಿಮೆ.

ನಮಗೆ ಕೇಳಬೇಕಾದ್ದು ಅದೇ. ಮೂರನೆಯವನಿಗೆ ಹಾಕುವುದು ತಪ್ಪಲ್ಲ, ಬೇಡಿಕೆ ಇಲ್ಲದೆ ಹಾಕುವುದು ತಪ್ಪು. ಜಾತಿಯವನೆಂದೋ ಸಿಟ್ಟಿಗೋ ಚದುರಿ ಬಿದ್ದ ಓಟಿಗೆ ಇಬ್ಬರೂ ಹೆದರುವುದಿಲ್ಲ. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ಜೋಯಿಡಾದ ಕಾಡಂಚಿನ ಹಕ್ಕುಪತ್ರ ಇವನ್ನು ಓಟಿಗೆ ಮೊದಲೇ ಬರೆದು, ಸಭೆ ಸೇರಿಸಿ, ಎಲ್ಲರೆದುರು ಓದಿ, "ಇದಕ್ಕೆ ಒಪ್ಪದಿದ್ದರೆ ಇಷ್ಟು ಓಟು ನಿಮಗಿಲ್ಲ" ಎಂದರೆ ಮಾತ್ರ ಅದು ತೂಕ.

ಗೆದ್ದ ಮೇಲೂ ಹಿಡಿತ ಬೇಕು. ಕೊಳ್ಳೇಗಾಲ ಮೀಸಲು ಕ್ಷೇತ್ರದಲ್ಲಿ 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಗೆದ್ದು ಮಂತ್ರಿಯಾದಾಗ ಎಷ್ಟು ಹಾಸ್ಟೆಲುಗಳಲ್ಲಿ ಕುಣಿದಿದ್ದರು! 2021ರಲ್ಲಿ ಅವರು ಸೇರಿದ್ದು ಬಿಜೆಪಿಯನ್ನು. 2023ರಲ್ಲಿ ಅಲ್ಲಿ ಅವರನ್ನು ಸೋಲಿಸಿದವರು ಎ.ಆರ್. ಕೃಷ್ಣಮೂರ್ತಿ. ಅದೇ ಕೃಷ್ಣಮೂರ್ತಿ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣರೆದುರು ಸೋತಿದ್ದರು, 40,752ಕ್ಕೆ 40,751. ಒಂದೇ ಒಂದು ಓಟು!

ಇನ್ನೊಂದು ಮಾತು. ಓಟು ಗುಟ್ಟು ಅಂತಾರೆ, ಆದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದು ಫಾರಂ 20ರಲ್ಲಿ ಅಚ್ಚಾಗಿರುತ್ತದೆ. ದೊಡ್ಡವರು ಅದನ್ನಿಟ್ಟುಕೊಂಡೇ ಯಾವ ಕೇರಿಗೆ ನೀರಿನ ಪೈಪು, ಯಾವ ಕೇರಿಗೆ ಬರೀ ಕೈ ಮುಗಿಯುವುದು ಎಂದು ಲೆಕ್ಕ ಹಾಕುತ್ತಾರೆ. ಆ ಕಾಗದವನ್ನು ನಾವೂ ತರಿಸಿ, ನಮ್ಮ ನಮ್ಮ ಬೂತಿನ ಸಾಲು ಓದೋಣ.

ಹದಿನೆಂಟು ತುಂಬಿದವರು ಫಾರಂ 6 ಕೊಡಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1. ಊರಲ್ಲಿ ಹೆಸರಿದ್ದು ಹಾಸ್ಟೆಲ್ ವಿಳಾಸಕ್ಕೆ ಬದಲಿಸುವವರಿಗೆ ಫಾರಂ 8. ಎರಡರಲ್ಲಿ ಒಂದೇ ಕಡೆ ಇರಬೇಕು. ಎಲ್ಲಿ ಅಂತರ ಸಣ್ಣದೋ ಅದನ್ನು ನೋಡಿ ಹೆಸರು ಕುಣಿಸಬೇಡಿ. ನಿಜವಾಗಿ ಎಲ್ಲಿ ಇರುತ್ತೀರೋ ಅಲ್ಲೇ ಬರೆಸಿ. ಬೇಡಿಕೆ ಪಟ್ಟಿಯನ್ನು ಮುಂದಿನ ಸಭೆಗೆ ಹಾಸ್ಟೆಲಿಗೊಂದರಂತೆ ಬರೆದು ತನ್ನಿ.