ಕಿರುಗುಟ್ಟುವ ಬುಶ್ಶಿಗೆ ಕೀಲೆಣ್ಣೆ ಮದ್ದಲ್ಲ

ಹಳೇ ಪಿಕಪ್ ಟ್ರಕ್ಕಿನ ಮುಂದಿನ ಚಕ್ರದ ಹತ್ತಿರ "ಕಿರ್ರ್... ಕಿರ್ರ್..." ಅಂತ ಸದ್ದು ಶುರುವಾಯಿತು ಅನ್ನಿ. ಗಾಡಿಯ ಯಜಮಾನ ಮೊದಲು ಮಾಡುವ ಕೆಲಸ ಏನು? ಗರಾಜಿಗೆ ಹೋಗಿ ಡಬ್ಲ್ಯೂಡಿ-40 ಡಬ್ಬ ತಂದು, ನೆಲದ ಮೇಲೆ ಅಂಗಾತ ಮಲಗಿ, ಕೈಗೆ ಸಿಕ್ಕ ಕೀಲಿಗೆಲ್ಲ ಚುಸ್ ಚುಸ್ ಅಂತ ಹೊಡೆಯುವುದು. ಸದ್ದು ನಿಲ್ಲುತ್ತದೆ. ಆಸಾಮಿ ಎದ್ದು ಕೈ ಒರೆಸಿಕೊಂಡು, ಮೆಕ್ಯಾನಿಕ್ಕಿಗೆ ಕೊಡುವ ದುಡ್ಡು ಉಳಿಯಿತು ಅಂತ ಬೀಗುತ್ತಾನೆ. ಎರಡು ವಾರ ಕಳೆದ ಮೇಲೆ ಮತ್ತೆ ಕಿರ್ರ್, ಮತ್ತೆ ಚುಸ್. ಅಮೆರಿಕದ ಬೀದಿಬೀದಿಯಲ್ಲಿ ನಡೆಯುವ ಈ ವ್ಯವಹಾರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ.

(ಅಂದ ಹಾಗೆ, ಇಲ್ಲಿ ಬುಶ್ ಅಂದರೆ ಶ್ವೇತಭವನದಲ್ಲಿ ಇದ್ದು ಹೋದ ಅಪ್ಪ-ಮಗ ಅಲ್ಲ. ಗಾಡಿಯ ತೋಳು ಚಾಸಿಗೆ ಸೇರುವ ಜಾಗದಲ್ಲಿ ಕೂತಿರುವ ರಬ್ಬರಿನ ತುಣುಕು. ಇದಕ್ಕೊಂದು ಕನ್ನಡ ಪದ ಬೇಕು ಅನ್ನುವವರು 'ಕೀಲುಮೆತ್ತೆ' ಅನ್ನಬಹುದು. ನನಗೆ ಬುಶ್ಶೇ ಸಾಕು. ನಮ್ಮೂರಿನ ಗ್ಯಾರೇಜಿನಲ್ಲೂ ಅದನ್ನು ಬುಶ್ ಅಂತಲೇ ಕರೆಯುತ್ತಾರೆ.)

ಎಣ್ಣೆ ಬಿಡಬೇಕು ಅನ್ನುವ ಬುದ್ಧಿ ನಮಗೆ ಎಲ್ಲಿಂದ ಬಂತು ಅನ್ನುವುದು ಗೊತ್ತಿರುವ ವಿಷಯವೇ. ಎತ್ತಿನ ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುತ್ತಿದ್ದರು. ಬಾಗಿಲ ತಿರುಗಣಿಗೆ ಎರಡು ಹನಿ ಎಣ್ಣೆ, ಬಾವಿ ರಾಟೆಗೂ ಎರಡು ಹನಿ. ಅಲ್ಲೆಲ್ಲ ಒಂದು ಗಟ್ಟಿ ವಸ್ತು ಇನ್ನೊಂದರ ಮೇಲೆ ಜಾರುತ್ತದೆ, ಜಾರುವ ಕಡೆ ಎಣ್ಣೆ ಬೇಕು, ಸರಿ. ಹಳೆಯ ಕಾಲದ ಕಾರು ಲಾರಿಗಳೂ ಹಾಗೇ ಇದ್ದವು. ಮುಂದಿನ ಕೀಲುಗಳಿಗೆಲ್ಲ ಗ್ರೀಸ್ ನಿಪ್ಪಲ್ ಇರುತ್ತಿತ್ತು, ಗ್ರೀಸ್ ಗನ್ ಹಿಡಿದು ಆಗಾಗ ತುಂಬುವುದು ಯಜಮಾನನ ಪಾಲಿನ ನಿತ್ಯಕರ್ಮ.

ರಬ್ಬರ್ ಬುಶ್ ಹಾಗಲ್ಲ ಸ್ವಾಮಿ. ಅದು ಜಾರುವುದೇ ಇಲ್ಲ! ಜಾರಬಾರದು ಅಂತಲೇ ಅದನ್ನು ಮಾಡಿದ್ದು.

ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಸಣ್ಣ ಉಕ್ಕಿನ ಕೊಳವೆ, ಎರಡರ ನಡುವೆ ರಬ್ಬರ್. ಈ ರಬ್ಬರನ್ನು ಎರಡೂ ಉಕ್ಕುಗಳಿಗೆ ಬೆಸೆದು ಅಂಟಿಸಿರುತ್ತಾರೆ. ಹೊರಗಿನ ಬಳೆ ಕಂಟ್ರೋಲ್ ಆರ್ಮಿನ ತೂತಿನಲ್ಲಿ ಬಿಗಿಯಾಗಿ ಕೂತಿದೆ. ಒಳಗಿನ ಕೊಳವೆಯನ್ನು ದಪ್ಪ ಬೋಲ್ಟು ಚಾಸಿಗೆ ಅದುಮಿ ಹಿಡಿದಿದೆ. ಚಕ್ರ ಹಳ್ಳಕ್ಕೆ ಇಳಿದು ಹತ್ತಿದಾಗ ತೋಳು ಮೇಲೆ ಕೆಳಗೆ ಆಡುತ್ತದೆ, ರಬ್ಬರ್ ನಡುವೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಸ್ವಲ್ಪ ತಿರುಚಿ ಬಿಡುತ್ತೀರಲ್ಲ, ಹಾಗೆ. ಉಜ್ಜಾಟ ಇಲ್ಲ, ಸವೆತ ಇಲ್ಲ, ಎಣ್ಣೆಯ ಗೊಡವೆ ಇಲ್ಲ, ಸದ್ದೂ ಇಲ್ಲ. ಯುರೋಪಿನ ಹಲವು ಭಾಷೆಗಳಲ್ಲಿ ಈ ತುಣುಕಿಗೆ ಇವತ್ತಿಗೂ 'ಸೈಲೆಂಟ್‌ಬ್ಲಾಕ್' ಅಂತಲೇ ಹೆಸರು. ಮೌನವೇ ಅದರ ಬಿರುದು!

ಅಂಥ ಮೌನಿ ಬಾಯಿ ಬಿಟ್ಟಿದೆ ಅಂದರೆ ಏನರ್ಥ? ರಬ್ಬರ್ ಉಕ್ಕಿನಿಂದ ಬಿಟ್ಟುಕೊಂಡಿದೆ, ಅಥವಾ ಹರಿದಿದೆ, ಅಥವಾ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ತಿರುಚಿಕೊಳ್ಳಬೇಕಾದದ್ದು ಈಗ ಉಜ್ಜಿಕೊಳ್ಳುತ್ತಿದೆ. ಅದಕ್ಕೆ ಎಣ್ಣೆ ಬಿಟ್ಟರೆ ಉಜ್ಜಾಟದ ಸದ್ದು ಅಡಗುತ್ತದೆಯೇ ಹೊರತು, ಬಿಟ್ಟುಕೊಂಡ ರಬ್ಬರ್ ಮತ್ತೆ ಅಂಟಿಕೊಳ್ಳುವುದಿಲ್ಲ.

ಇನ್ನೂ ಒಂದಿದೆ. ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯಾಗೋದಲ್ಲಿ, ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯುವುದಕ್ಕೆ. ಹೆಸರಿನ ಅರ್ಥವೇ ನೀರನ್ನು ಸರಿಸುವುದು, 40ನೇ ಪ್ರಯತ್ನ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು, ನನ್ನ ಹತ್ತಿರವೂ ಒಂದು ಡಬ್ಬ ಇದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಪೆಟ್ರೋಲಿಯಂ ದ್ರಾವಣ. ನೈಸರ್ಗಿಕ ರಬ್ಬರಿಗೂ ಪೆಟ್ರೋಲಿಯಂಗೂ ಎಣ್ಣೆ-ಸೀಗೇಕಾಯಿ ಸಂಬಂಧ. ಸೀಮೆಎಣ್ಣೆಯಲ್ಲಿ ನೆನೆದ ರಬ್ಬರ್ ಚಪ್ಪಲಿ ಹೇಗೆ ಊದಿಕೊಂಡು ಮೆತ್ತಗಾಗುತ್ತೆ ಅಂತ ನಮ್ಮ ತಲೆಮಾರಿನವರಿಗೆ ಹೇಳಿಕೊಡಬೇಕೇ? ಬುಶ್ಶಿಗೂ ಅದೇ ಗತಿ. ಅರ್ಧ ಜೀವ ಉಳಿದಿದ್ದ ರಬ್ಬರನ್ನು ನಾವೇ ಕೈಯಾರೆ ಮುಗಿಸಿದ ಹಾಗೆ. ಸಾಮಾನ್ಯ ಗ್ರೀಸಿನ ಕಥೆಯೂ ಬೇರೆಯಲ್ಲ, ಜೊತೆಗೆ ಅದು ಮರಳು ದೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಒಂದು ರಬ್ಬರ್ ತುಂಡಿಗೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನನ್ನ ನಿಜವಾದ ತಕರಾರು ಬೇರೆ. ಮುಂಭಾಗದ ಕಿರುಗುಡುವಿಕೆ ಯಾವಾಗಲೂ ಬುಶ್ಶಿನದ್ದೇ ಆಗಿರಬೇಕಿಲ್ಲ, ಬಾಲ್ ಜಾಯಿಂಟಿನದ್ದೂ ಆಗಿರಬಹುದು. ತೋಳಿನ ತುದಿಯಲ್ಲಿ ಚಕ್ರದ ಭಾಗವನ್ನು ಹಿಡಿದಿರುವ ಆ ಗುಂಡು ಒಣಗಿ ಸವೆದಾಗಲೂ ಹೀಗೇ ನರಳುತ್ತದೆ. ಬುಶ್ ಸತ್ತರೆ ಟೈರು ಅಡ್ಡಾದಿಡ್ಡಿ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ, ಅಷ್ಟೇ. ಕೆಳಗಿನ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಂಡು ಗಾಡಿ ಮೂಗು ನೆಲಕ್ಕೆ ಊರುತ್ತದೆ. ಅದು ಪಾರ್ಕಿಂಗ್ ಲಾಟಿನಲ್ಲಿ ಆದರೆ ಪುಣ್ಯ, ಹೈವೇಯಲ್ಲಿ ಆದರೆ? 2005ರಲ್ಲಿ ಟೊಯೋಟಾ ಕಂಪನಿ ತನ್ನ ಟಕೋಮ, ಟುಂಡ್ರಾ ಪಿಕಪ್ಪುಗಳಲ್ಲಿ ಕೆಲವು ವರ್ಷದವನ್ನು ಇದೇ ಬಾಲ್ ಜಾಯಿಂಟಿನ ಸಲುವಾಗಿ ವಾಪಸ್ ಕರೆಸಿತ್ತು. ಹಾಗಿರುವಾಗ ಸದ್ದು ಎಲ್ಲಿಂದ ಅಂತ ನೋಡದೆ ಎಲ್ಲದಕ್ಕೂ ಸ್ಪ್ರೇ ಹೊಡೆದು ಬಾಯಿ ಮುಚ್ಚಿಸುವವನು, ಮನೆಗೆ ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ ಮಾಡುತ್ತಿದ್ದಾನೆ.

ಎಲ್ಲಿಂದ ಅಂತ ಪತ್ತೆ ಹಚ್ಚುವುದು ಕಷ್ಟವೇನಲ್ಲ. ಒಬ್ಬರು ಮುಂದಿನ ಬಂಪರ್ ಹಿಡಿದು ಗಾಡಿಯನ್ನು ಮೇಲೆ ಕೆಳಗೆ ಕುಣಿಸಬೇಕು, ಇನ್ನೊಬ್ಬರು ಚಕ್ರದ ಸಂದಿಯಲ್ಲಿ ಕಿವಿಗೊಡಬೇಕು. (ಕುಣಿಸುವ ಕೆಲಸ ಮಕ್ಕಳಿಗೆ ಕೊಡಿ, ಖುಷಿಯಾಗಿ ಮಾಡುತ್ತಾರೆ :) ) ಅನುಮಾನ ಬಂದ ಜಾಗಕ್ಕೆ ನೀರು ಚಿಮುಕಿಸಿ. ಬರೀ ನೀರು. ಒಂದು ಸಲಕ್ಕೆ ಒಂದೇ ಕೀಲು. ಸದ್ದು ಥಟ್ಟನೆ ನಿಂತರೆ ಕಳ್ಳ ಸಿಕ್ಕಿಬಿದ್ದ ಅಂತ ಲೆಕ್ಕ. ನೀರು ಆರಿದ ಮೇಲೆ ಸದ್ದು ವಾಪಸ್ ಬರುತ್ತದೆ, ರಬ್ಬರಿಗೆ ಏನೂ ಆಗಿರುವುದಿಲ್ಲ. ನೀರು ಹಾಕಿದರೂ ನಿಲ್ಲದ ನರಳಾಟ ಚಕ್ರದ ಕಡೆಯ ತುದಿಯಿಂದ ಬರುತ್ತಿದ್ದರೆ ಬಾಲ್ ಜಾಯಿಂಟ್ ಪರೀಕ್ಷೆ ಮಾಡಿಸದೆ ಓಡಿಸಬೇಡಿ.

ಎಷ್ಟೋ ಸಲ ಸಿಕ್ಕಿಬೀಳುವವನು ಬಡಪಾಯಿ ಸ್ವೇ ಬಾರ್ ಬುಶ್. ಎಡ ಬಲ ಚಕ್ರಗಳನ್ನು ಜೋಡಿಸುವ ಬಾಗಿದ ಸರಳು ಇರುತ್ತಲ್ಲ, ಅದನ್ನು ಚಾಸಿಗೆ ಹಿಡಿದಿಡುವ ಎರಡು ರಬ್ಬರ್ ತುಂಡುಗಳು. ಸಾಮಾನ್ಯವಾಗಿ ಇಲ್ಲಿ ಬೆಸುಗೆ ಇರುವುದಿಲ್ಲ, ಸರಳು ರಬ್ಬರಿನೊಳಗೆ ಸ್ವಲ್ಪ ಜಾರುತ್ತದೆ, ಅದಕ್ಕೇ ಚಳಿಗಾಲದಲ್ಲಿ ಗೊಣಗಾಟ ಜಾಸ್ತಿ. ನಾಲ್ಕು ಬೋಲ್ಟು ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು, ಬೇಕಿದ್ದರೆ ಸಿಲಿಕೋನ್ ಗ್ರೀಸ್ ಸವರಬಹುದು. ಸಿಲಿಕೋನ್ ಈ ರಬ್ಬರನ್ನು ತಿನ್ನುವುದಿಲ್ಲ. ಮೊದಲು ಇಲ್ಲಿ ನೋಡಿ, ಆಮೇಲೆ ತೋಳು ಬಿಚ್ಚುವ ಮಾತು.

ತೋಳು ಬಿಚ್ಚುವ ಮಾತಿಗೆ ಬಂದರೆ ಕೆಲಸ ದೊಡ್ಡದು. ನಮ್ಮ ಕಡೆಯಂತೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಂತೂ ಅರ್ಧ ದಿನ ಬೋಲ್ಟಿನ ಜೊತೆ ಗುದ್ದಾಟವೇ. ಬೋಲ್ಟು ಬುಶ್ಶಿನ ಒಳಕೊಳವೆಗೆ ತುಕ್ಕಿನಲ್ಲಿ ಬೆಸೆದುಕೊಂಡಿರುತ್ತದೆ. ನೀವು ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ, ಬಿಟ್ಟರೆ ರಬ್ಬರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ನೆಂಟರ ಮನೆಯಿಂದ ಹೊರಟು ನಿಂತವರನ್ನು ಅಜ್ಜಿ ಸೆರಗು ಹಿಡಿದು ಮತ್ತೆ ಕೂರಿಸಿದ ಹಾಗೆ! 1995-2004ರ ಟಕೋಮಗಳ ಕೆಳತೋಳಿನ ಕ್ಯಾಮ್ ಬೋಲ್ಟುಗಳು ಈ ವಿಷಯದಲ್ಲಿ ಹೆಸರುವಾಸಿ. ಕೊನೆಗೆ ಗರಗಸ ಹಿಡಿದು ಎರಡೂ ಬದಿ ಕತ್ತರಿಸುವುದೇ ದಾರಿ, ಹೊಸ ಬೋಲ್ಟು ಮೊದಲೇ ತಂದಿಟ್ಟುಕೊಂಡಿರಬೇಕು. ಬಿಚ್ಚುವ ಮುಂಚೆ ಕ್ಯಾಮ್ ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಕೊಳ್ಳಿ. ಹೊಸ ಬೋಲ್ಟಿನ ನಡುಭಾಗಕ್ಕೆ ತೆಳುವಾಗಿ ಆಂಟಿ-ಸೀಜ್ ಸವರಿ, ಮರೆಗೆ ತಾಗದ ಹಾಗೆ. ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ಹರಸುತ್ತಾನೆ.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಕೆಳತೋಳಿನ ಮೇಲೆ ಕಾಯಿಲ್ ಸ್ಪ್ರಿಂಗ್ ಕೂತಿದ್ದರೆ ಅದು ಗಾಡಿಯ ಭಾರವನ್ನು ಹೊತ್ತು ಅದುಮಿಕೊಂಡು ಕೂತ ಶಕ್ತಿ. ಸುಮ್ಮನೆ ತೋಳು ಬಿಚ್ಚಿದರೆ ಸ್ಪ್ರಿಂಗ್ ಹಾರಿ ಮೂಳೆ ಮುರಿಯಬಹುದು, ಪ್ರಾಣವನ್ನೂ ತೆಗೆಯಬಹುದು. ಟಾರ್ಶನ್ ಬಾರ್ ಇರುವ ಗಾಡಿಗಳಲ್ಲೂ ಹಾಗೇ, ಸರಿಯಾದ ಸಲಕರಣೆಯಿಂದ ಮೊದಲು ಅದರ ಬಿಗಿ ಇಳಿಸಬೇಕು. ಬರೀ ಜ್ಯಾಕಿನ ಭರವಸೆಯಲ್ಲಿ ಗಾಡಿಯ ಕೆಳಗೆ ಹೋಗುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರ ಮನೆಯವರು ಹೇಳಲಿ. ಈ ಹಂತದಲ್ಲಿ ಧೈರ್ಯ ಸಾಲದಿದ್ದರೆ ಗ್ಯಾರೇಜಿಗೆ ಕೊಡುವುದರಲ್ಲಿ ನಾಚಿಕೆಯೇನಿಲ್ಲ.

ಆದರೆ ಗ್ಯಾರೇಜಿನವರು ಹೇಳುವುದು ಏನು ಗೊತ್ತಾ? "ಬುಶ್ ಮಾತ್ರ ಹಾಕುವುದಿಲ್ಲ, ಇಡೀ ತೋಳನ್ನೇ ಬದಲಿಸಿ." ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ತಂದು ಪಕ್ಕದ ಲೇತ್ ಅಂಗಡಿಯಲ್ಲಿ ಬುಶ್ ಒತ್ತಿಸಿ ಅಭ್ಯಾಸವಾದ ನಮಗೆ ಇದು ಹಗಲು ದರೋಡೆ ಅನಿಸುತ್ತದೆ. ಒಂದು ಹಿಡಿ ರಬ್ಬರಿಗೆ ಇಷ್ಟು ಉಕ್ಕು ಬಿಸಾಡುವುದೇ? ಅವರ ಲೆಕ್ಕವೂ ಪೂರ್ತಿ ಸುಳ್ಳಲ್ಲ. ಗಂಟೆಯ ಕೂಲಿ 100 ಡಾಲರ್ ದಾಟಿರುವ ಊರಿನಲ್ಲಿ ಹಳೇ ಬುಶ್ ಹೊರದೂಡಿ ಹೊಸದು ಒತ್ತುವ ಹೊತ್ತಿಗೆ, ಬುಶ್ಶೂ ಬಾಲ್ ಜಾಯಿಂಟೂ ಕೂತಿರುವ ಹೊಸ ತೋಳೇ ಅಗ್ಗವಾಗಿಬಿಡುತ್ತದೆ. ಮೇಲ್ತೋಳಿನ ವಿಷಯದಲ್ಲಿ ನಾನು ಅವರ ಮಾತು ಒಪ್ಪುತ್ತೇನೆ. ಕೆಳತೋಳು ಮಾತ್ರ ಗಟ್ಟಿಮುಟ್ಟಾಗಿದ್ದು ತುಕ್ಕು ತಿಂದಿಲ್ಲ ಅಂದರೆ, ಕಂಪನಿಯ ಮೂಲ ತೋಳಿಗೆ ಒಳ್ಳೆಯ ಬುಶ್ ಒತ್ತಿಸುವುದೇ ಲೇಸು. ಅತಿ ಅಗ್ಗದ ಹೊಸ ತೋಳುಗಳಲ್ಲಿ ಬರುವ ರಬ್ಬರನ್ನು ನಾನು ನಂಬುವುದಿಲ್ಲ. ಒತ್ತುವ ಸಲಕರಣೆಯನ್ನು ಇಲ್ಲಿನ ಎಷ್ಟೋ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ, ಕೆಲಸ ಮುಗಿಸಿ ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ಇದು ಮಾತ್ರ ಅಮೆರಿಕದ ಒಳ್ಳೆಯ ಸಂಪ್ರದಾಯ!

ಪಾಲಿಯುರೆಥೇನ್ ಬುಶ್ ಹಾಕಿ ಅನ್ನುವವರೂ ಸಿಗುತ್ತಾರೆ. ಕೆಂಪು, ಹಳದಿ ಬಣ್ಣದಲ್ಲಿ ಮಿಠಾಯಿಯಂತೆ ಚೆನ್ನಾಗಿ ಕಾಣುತ್ತವೆ. ಎಣ್ಣೆಗೆ ಬೇಗ ಹಾಳಾಗುವುದಿಲ್ಲ, ಬಹಳ ವರ್ಷ ಬಾಳುತ್ತವೆ, ತಿರುವಿನಲ್ಲಿ ಗಾಡಿ ಬಿಗಿಯಾಗಿ ಹೋಗುತ್ತದೆ, ಎಲ್ಲ ನಿಜ. ಆದರೆ ಅವು ರಬ್ಬರಿನಂತೆ ತಿರುಚಿಕೊಳ್ಳುವುದಿಲ್ಲ, ಕೊಳವೆಯ ಸುತ್ತ ಜಾರುತ್ತವೆ. ಜಾರುವುದಕ್ಕೆ ಗ್ರೀಸ್ ಬೇಕು, ಗ್ರೀಸ್ ಆರಿದರೆ ಮತ್ತೆ ಕಿರ್ರ್. ಅಂದರೆ ಕಿರುಗುಟ್ಟುವುದನ್ನು ನಿಲ್ಲಿಸಲು ಹೋಗಿ ಎತ್ತಿನ ಗಾಡಿಯ ಕಾಲಕ್ಕೇ ವಾಪಸ್! ರೇಸ್ ಓಡಿಸುವವರು ಹಾಕಿಕೊಳ್ಳಲಿ. ವಾರಕ್ಕೊಮ್ಮೆ ತೋಟದ ಗೊಬ್ಬರ, ಹಳೇ ಸೋಫಾ ಸಾಗಿಸುವ ನಮ್ಮಂಥವರಿಗೆ ಯಾಕೆ?

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಕೊನೆಯಲ್ಲಿ ಎಡವುವ ಜಾಗ ಒಂದಿದೆ. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೆ, ಚಕ್ರ ಗಾಳಿಯಲ್ಲಿ, ತೋಳು ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆಗ ರಬ್ಬರಿಗೆ ಅದೇ ವಿಶ್ರಾಂತಿಯ ಭಂಗಿ ಆಗುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ನಿಂತಲ್ಲೂ ತಿರುಚಿಕೊಂಡೇ ಇರಬೇಕು, ಹಳ್ಳ ಬಂದರೆ ಇನ್ನೂ ಹೆಚ್ಚು. ಹೊಸ ಬುಶ್ ಬೇಗನೆ ಹರಿಯುತ್ತದೆ, ಬೈಗುಳ ಮಾತ್ರ ಬುಶ್ ಮಾಡಿದ ಕಂಪನಿಗೆ. ಬೋಲ್ಟನ್ನು ಮೊದಲು ಹಗುರವಾಗಿ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಂದೆರಡು ಸಲ ಕುಣಿಸಿ, ಅದರ ಸಹಜ ಎತ್ತರದಲ್ಲಿ ನಿಂತಾಗ ಮ್ಯಾನುಯಲ್ಲಿನಲ್ಲಿ ಹೇಳಿದಷ್ಟು ಬಿಗಿಯಬೇಕು. ಗ್ಯಾರೇಜಿಗೆ ಕೊಟ್ಟರೂ ಈ ಒಂದು ಪ್ರಶ್ನೆ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಗ್ಯಾರೇಜು ನೋಡಿ. ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಗುರುತು ಹಾಕಿಕೊಂಡಿದ್ದರೂ.

ಇಷ್ಟಾದ ಮೇಲೂ ಕಿರ್ರ್ ಅಂತಿದ್ದರೆ ಹಿಂದುಗಡೆ ಹೋಗಿ ನೋಡಿ. ಪಿಕಪ್ಪಿನ ಹಿಂಚಕ್ರದ ಲೀಫ್ ಸ್ಪ್ರಿಂಗುಗಳು ಒಂದರ ಮೇಲೊಂದು ಉಜ್ಜುವ ಸದ್ದು ಚಾಸಿ ಹಿಡಿದುಕೊಂಡು ಮುಂದಿನವರೆಗೆ ಬಂದು ಕಿವಿಗೆ ಮೋಸ ಮಾಡುತ್ತದೆ. ಅಲ್ಲಿ ಉಕ್ಕು ಉಕ್ಕಿನ ಮೇಲೆ ಜಾರುವುದರಿಂದ ಪಟ್ಟಿಗಳ ನಡುವೆ ಗ್ರಾಫೈಟ್ ಸವರಬಹುದು, ತುದಿಯಲ್ಲಿರುವ ರಬ್ಬರ್ ಬುಶ್ಶಿಗೆ ತಾಗದ ಹಾಗೆ.