ಗುಡಿಸಲು ಕಂಡಿತು, ಪ್ರಬಂಧ ಕಾಣಲಿಲ್ಲ

ಘಟಿಕೋತ್ಸವದ ಮರುದಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಇರುತ್ತದೆ. ಕೂಲಿಕಾರರ ಮಗಳಿಗೆ ಚಿನ್ನದ ಪದಕ, ಹಮಾಲಿಯ ಮಗನಿಗೆ ಡಾಕ್ಟರೇಟ್. ಫೋಟೊದಲ್ಲಿ ಕಪ್ಪು ಗೌನು, ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ. ಇಂಥ ಸುದ್ದಿಗಳನ್ನು ನಾನೂ ಬರೆದಿದ್ದೇನೆ. ಓದುವಾಗ ಈಗಲೂ ಗಂಟಲು ಕಟ್ಟುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಕ್ಕಳ ಹೆಸರು ಅಚ್ಚಾಗಬೇಕು, ಊರಿನವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಇಂಥದೊಂದು ಸುದ್ದಿ ಓದಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಪಾವಗಡದ ಕಡೆಯ ಕುರಿ ಕಾಯುವ ಮನೆಯ ಹುಡುಗಿಯೊಬ್ಬಳಿಗೆ ಪಿಎಚ್‌.ಡಿ. ಬಂದಿತ್ತು. ಸೋರುವ ಮನೆ, ಅಪ್ಪ ಕುರಿ ಮಾರಿ ಕಟ್ಟಿದ ಫೀಸು, ನಸುಕಿನಲ್ಲಿ ಹಿಡಿದ ಮೊದಲ ಬಸ್ಸು, ಎಲ್ಲವೂ ವರದಿಯಲ್ಲಿ ವಿವರವಾಗಿ ಇತ್ತು. ಆಕೆ ಇಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಇದ್ದದ್ದು ಒಂದೇ ಸಾಲು: ಅಂತರ್ಜಲದ ಕುರಿತು ಮಹಾಪ್ರಬಂಧ ಮಂಡಿಸಿದ್ದರು. ಅಂತರ್ಜಲದ ಕುರಿತು ಏನು? ಯಾವ ಊರಿನ ಅಂತರ್ಜಲ? ಏನು ಕಂಡುಕೊಂಡಳು? ಯಾರೂ ಕೇಳಿರಲಿಲ್ಲ.

ಕೇಳೋಣವೆಂದು ಹಾಸ್ಟೆಲ್‌ಗೆ ಹೋದೆ. ಮಂಚದ ಕೆಳಗಿನಿಂದ ಆಕೆ ಒಂದು ರಟ್ಟಿನ ಪೆಟ್ಟಿಗೆ ಎಳೆದಳು. ತುಂಬ ಪ್ಲಾಸ್ಟಿಕ್ ಬಾಟಲಿಗಳು, ಪ್ರತಿಯೊಂದಕ್ಕೂ ಅಂಟಿಸಿದ ಚೀಟಿ, ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಊರು, ದಿನಾಂಕ, ಕೊಳವೆಬಾವಿಯ ಆಳ. ಕೆಲವದರ ಶಾಯಿ ನೀರು ತಾಗಿ ಕಲಸಿಹೋಗಿತ್ತು. ‘ಗಾಜಿನ ಬಾಟಲಿ ಆಗಲ್ಲ ಸರ್, ಫ್ಲೋರೈಡು ಗಾಜನ್ನೇ ಹಿಡ್ಕೊಳ್ಳುತ್ತೆ, ಲೆಕ್ಕ ತಪ್ಪುತ್ತೆ’ ಎಂದಳು. ಆ ಬಾಟಲಿಗಳನ್ನು ಹಳ್ಳಿಯಿಂದ ಹಳ್ಳಿಗೆ ಹೋಗಿ ತುಂಬಿಸಿಕೊಂಡು, ಸರ್ಕಾರಿ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು ಲ್ಯಾಬಿಗೆ ತಂದಿದ್ದಳು. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆಯಾದ ಮೇಲೊಮ್ಮೆ. ಒಂದೇ ಬಾವಿಯ ನೀರಿನಲ್ಲಿ ಫ್ಲೋರೈಡು ಮಳೆಯಿಂದ ಎಷ್ಟು ಏರುಪೇರಾಗುತ್ತದೆ ಎಂಬುದು ಆಕೆಯ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡು ಇರಬಾರದು. ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ದೊಡ್ಡವರ ಕೀಲು ಮೂಳೆಗಳಿಗೆ ಬಿಗಿತ. ಆಕೆಯ ಅಜ್ಜಿ ನೆಟ್ಟಗೆ ನಿಲ್ಲಲಾರರು. ಸಂಶೋಧನೆಯ ವಿಷಯ ಹುಡುಕಲು ಆಕೆ ಲೈಬ್ರರಿಗೆ ಹೋಗಬೇಕಾಗಿರಲಿಲ್ಲ.

ಅಂದರೆ ವರದಿಯಲ್ಲಿ ಇದ್ದ ಬಡತನ ಮತ್ತು ವರದಿಯಲ್ಲಿ ಇಲ್ಲದ ಸಂಶೋಧನೆ ಬೇರೆ ಬೇರೆಯಲ್ಲ. ಆಕೆ ನಡೆದ ದಾರಿಯೇ ಆಕೆಗೆ ಪ್ರಶ್ನೆಯನ್ನು ಕೊಟ್ಟಿತ್ತು. ನಾವು ದಾರಿಯನ್ನಷ್ಟೇ ಎತ್ತಿ ತೋರಿಸಿ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರುತ್ತೇವೆ. ಹಾಗೆ ಮಾಡಿದಾಗ ಆ ವಿದ್ಯಾರ್ಥಿನಿ ಕಷ್ಟ ಗೆದ್ದವಳಾಗಿ ಕಾಣುತ್ತಾಳೆಯೇ ಹೊರತು ತಿಳಿದವಳಾಗಿ ಕಾಣುವುದಿಲ್ಲ. ನನಗೆ ಇದು ಸಣ್ಣ ತಪ್ಪು ಎನಿಸುವುದಿಲ್ಲ.

ನಡೆದ ದಾರಿಯೇ ಪ್ರಶ್ನೆ ಕೊಡುತ್ತದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ, ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ತಂದೆಯನ್ನು ಕಣ್ಣಾರೆ ಕಂಡವರು. ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಆ ಪಯಣವನ್ನು ‘ಊರುಕೇರಿ’ ಆತ್ಮಕಥೆ ಓದಿದವರೆಲ್ಲ ಬಲ್ಲರು. ಅವರು ಪಿಎಚ್‌.ಡಿ.ಗೆ ಆಯ್ದುಕೊಂಡ ವಿಷಯ ಎಷ್ಟು ಜನಕ್ಕೆ ನೆನಪಿದೆ? ಗ್ರಾಮದೇವತೆಗಳು. ದೊಡ್ಡ ಗುಡಿಗಳ ದೇವರಲ್ಲ. ಊರಾಚೆ, ಬೇವಿನ ಮರದಡಿ, ಸೂರಿಲ್ಲದ ಕಲ್ಲಾಗಿ ನಿಂತ ದೇವತೆಗಳು. ಕೇರಿಯಲ್ಲಿ ಬೆಳೆದವರಿಗೆ ಆ ದೇವತೆಗಳು ಮನೆಯ ಹಿರಿಯರಿದ್ದಂತೆ. ಬೇರೆ ದಾರಿಯಿಂದ ಬಂದವರು ಆ ವಿಷಯವನ್ನು ಎತ್ತಿಕೊಂಡಿದ್ದರೂ ಅದು ಬೇರೆಯೇ ಪುಸ್ತಕವಾಗುತ್ತಿತ್ತು.

ಸಂಶೋಧಕ ಎಂ. ಚಿದಾನಂದಮೂರ್ತಿಯವರದು ಇನ್ನೊಂದು ಬಗೆ. ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೂಲತಃ ಪಿಎಚ್‌.ಡಿ. ಪ್ರಬಂಧ, 1966ರಲ್ಲಿ ಪುಸ್ತಕವಾಯಿತು. ರಾಜವಂಶಗಳ ಲೆಕ್ಕಕ್ಕೆಂದು ಹೆಚ್ಚಾಗಿ ಬಳಸುತ್ತಿದ್ದ ಶಾಸನಗಳಲ್ಲಿ ಅವರು ಜನರ ಬದುಕನ್ನು ಹುಡುಕಿದರು: ದತ್ತಿ, ತೆರಿಗೆ, ವೀರಗಲ್ಲು, ಹೆಣ್ಣುಮಕ್ಕಳ ಪಾಡು. ಆ ಪುಸ್ತಕವನ್ನು ಈಗಲೂ ಜನ ಹುಡುಕಿಕೊಂಡು ಓದುತ್ತಾರೆ. ಪ್ರಬಂಧವೊಂದು ಕ್ಯಾಂಪಸ್ ದಾಟಿ ಓದುಗರ ಕೈ ಸೇರಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗಿನ ಪ್ರಬಂಧಗಳು ಎಲ್ಲಿ ಹೋಗುತ್ತವೆ? ಕಾಗದದ ಮೇಲೆ ಉತ್ತರವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮದಿಂದೀಚೆಗೆ ಪ್ರತಿ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕು. ಅದನ್ನು ಇಡಲೆಂದೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ‘ಶೋಧಗಂಗಾ’ ಎಂಬ ಭಂಡಾರ ಕಟ್ಟಿದೆ. ಲಕ್ಷಗಟ್ಟಲೆ ಪ್ರಬಂಧಗಳು ಅಲ್ಲಿವೆ, ಯಾರು ಬೇಕಾದರೂ ತೆರೆದು ಓದಬಹುದು. ಒಳ್ಳೆಯ ಕೆಲಸ. ಆದರೆ ಕನ್ನಡದ ಪ್ರಬಂಧವನ್ನು ಅಲ್ಲಿ ಹುಡುಕಲು ಹೋಗಿ ನೋಡಿ. ನಮ್ಮ ಸಂಶೋಧಕರು ಬಹುಕಾಲ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪು ಮಾಡಿಸಿದರು. ಯೂನಿಕೋಡ್ ಅಲ್ಲದ ಆ ಅಕ್ಷರ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ, ಕಂಪ್ಯೂಟರಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ‘ಗ್ರಾಮದೇವತೆ’ ಎಂದು ಹುಡುಕಿದರೆ ಒಳಗಿನ ಒಂದು ಪುಟವೂ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ಹಾಕಿದ್ದರ ಗತಿಯೂ ಅದೇ. ವರ್ಷಗಟ್ಟಲೆ ಜೀವ ತೇದು ಬರೆದದ್ದು ಇದ್ದೂ ಇಲ್ಲದಂತಾಗಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಕನ್ನಡದಲ್ಲಿ ಬಹಳ ಕಾಲದಿಂದ ಇವೆ. ಇದಕ್ಕೆ ಬೇಕಿರುವುದು ದೊಡ್ಡ ಹಣವಲ್ಲ, ಇದು ನಮ್ಮ ಕೆಲಸ ಎಂದುಕೊಳ್ಳುವ ಒಂದು ಗ್ರಂಥಾಲಯ ವಿಭಾಗ.

ಓದುವವರಿಲ್ಲದಿದ್ದರೆ ಪ್ರಬಂಧ ಹೇಗೆ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಯಾರೂ ಓದುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ವಿಷಯದ ಆಯ್ಕೆಯೇ ಸಡಿಲವಾಗುತ್ತದೆ. ‘ಇಂಥವರ ಬದುಕು ಬರಹ: ಒಂದು ಅಧ್ಯಯನ’ ಎಂಬ ಶೀರ್ಷಿಕೆಗಳು ಸಾಲುಗಟ್ಟಿ ಬರುವುದಕ್ಕೆ ವಿದ್ಯಾರ್ಥಿಯ ಸೋಮಾರಿತನ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ತಲೆಮಾರಿನ ಹುಡುಗ ಸಿನಾಪ್ಸಿಸ್ ಹಿಡಿದುಕೊಂಡು ಬಂದಾಗ, ‘ಇದೆಲ್ಲ ಯಾಕಪ್ಪ, ಬೇಗ ಮುಗಿಯೋ ವಿಷಯ ತಗೋ’ ಎನ್ನುವ ಬುದ್ಧಿಮಾತು ಕಾರಿಡಾರಿನಲ್ಲೇ ಸಿಗುತ್ತದೆ. ಹೇಳುವವರಿಗೂ ಅವನ ಮೇಲೆ ಪ್ರೀತಿಯೇ. ಫೆಲೋಶಿಪ್ ಇಲ್ಲದವನು ಬೇಗ ಮುಗಿಸಬೇಕು, ಬೇಗ ನೌಕರಿ ಹುಡುಕಬೇಕು. ಹಾಗೆ ಅವನು ತನ್ನೂರಿನಿಂದ ತಂದ ಪ್ರಶ್ನೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾನೆ.

ಹಣದ ಮಾತಿಗೆ ಬಂದರೆ ಅಂತರ ಕಣ್ಣಿಗೆ ರಾಚುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ಎನ್‌ಇಟಿ) ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮುಂದಿನ ಹಂತದಲ್ಲಿ 42,000. ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತಿರುವುದು 8,000. ದಶಕ ಕಳೆದರೂ ಆ ಮೊತ್ತ ಅಲುಗಲಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅದೂ ಇಲ್ಲದೆ ಸಂಜೆ ಟ್ಯೂಷನ್ ಹೇಳಿ, ಅತಿಥಿ ಉಪನ್ಯಾಸಕರಾಗಿ ದುಡಿದು ಸಂಶೋಧನೆ ಮಾಡುವವರು ಬಹಳ. ಬರಬೇಕಾದ ಹಣ ತಿಂಗಳುಗಟ್ಟಲೆ ತಡವಾಗುವುದು ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ನಿಂತೇಹೋಯಿತು. ಕುರಿ ಮಾರಿ ಫೀಸು ಕಟ್ಟಿದ ಅಪ್ಪನನ್ನು ಹೊಗಳುವ ನಾವು, ಆ ಅಪ್ಪ ಕುರಿ ಮಾರಬೇಕಾದದ್ದೇಕೆ ಎಂದು ವಿಶ್ವವಿದ್ಯಾಲಯವನ್ನೂ ಸರ್ಕಾರವನ್ನೂ ಕೇಳಬೇಕು. ತ್ಯಾಗದ ಕಥೆ ಎಷ್ಟು ಚೆಂದವಾಗಿ ಬರೆದರೂ ಫೆಲೋಶಿಪ್ಪಿಗೆ ಬದಲಿಯಾಗುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿದ ಮಹಿಳೆಯರು 2014–15ರಲ್ಲಿ 48 ಸಾವಿರದಷ್ಟಿದ್ದರು. 2021–22ರ ಹೊತ್ತಿಗೆ 99 ಸಾವಿರ. ಈ ಸಂಖ್ಯೆ ಎಲ್ಲಿಂದ ಹೊರಟು ಇಲ್ಲಿಗೆ ಬಂತೆಂದು ನೋಡಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಬೇಕು. ಅಲ್ಲಿ ಅಣ್ಣಾ ಮಣಿ ಅವರ ಪ್ರಬಂಧವಿದೆ. ಕೇರಳದಿಂದ ಬಂದ ಅವರು 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ದಾಖಲಿಸುವುದು ಕೆಲಸ. ಒಂದು ಫೋಟೊ ಪ್ಲೇಟಿಗೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕಿತ್ತು. ರಾತ್ರಿ ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದರು. ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲ ಎಂಬ ಕಾರಣಕ್ಕೆ ಪದವಿ ಕೊಡಲಿಲ್ಲ. ಅವರಿಗೆ ಘಟಿಕೋತ್ಸವವಿಲ್ಲ, ಗೌನಿಲ್ಲ. ಮುಂದೆ ಭಾರತೀಯ ಹವಾಮಾನ ಇಲಾಖೆಯಲ್ಲಿ ಮಾಪನ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ಕೆಲಸಕ್ಕೆ ಅವರು ನೆಲೆಗಟ್ಟು ಹಾಕಿದರು. ಪದವಿ ಸಿಗದ ಆ ಪ್ರಬಂಧ ಪದವಿ ಸಿಕ್ಕ ಪ್ರಬಂಧಗಳ ಸಾಲಿನಲ್ಲಿ, ಅವುಗಳಂತೆಯೇ ಬೈಂಡಾಗಿ ನಿಂತಿದೆ. ಪದವಿ ಬೇರೆ, ತಿಳಿವು ಬೇರೆ ಎಂದು ನನಗೆ ಯಾರಾದರೂ ಹೇಳಿದಾಗ ನೆನಪಾಗುವುದು ಆ ಕಪಾಟು. ಅಂದು ಅವರಿಗೆ ಎರಡೂ ಸಿಗಬೇಕಿತ್ತು.

ಇಂದಿನ ನಿಯಮಗಳು ಎಷ್ಟೋ ವಾಸಿ. ಸಂಶೋಧನಾ ಅವಧಿಯಲ್ಲಿ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ, ಪ್ರಬಂಧ ಮುಗಿಸಲು ಹೆಚ್ಚುವರಿ ಎರಡು ವರ್ಷವೂ ಉಂಟು. ಆದರೆ ಮದುವೆ ಯಾವಾಗ ಎಂದು ಪ್ರತಿ ಹಬ್ಬಕ್ಕೂ ಕೇಳುವ ನೆಂಟರಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಕ್ಯಾಂಪಸ್ಸಿನ ತಿಳಿವು ಊರಿಗೆ ಹೋಗಬೇಕು ಎಂಬುದು ನಮಗೆ ಹೊಸ ಮಾತೂ ಅಲ್ಲ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು. ಅವನ್ನು ಕೈಗೆಟುಕುವ ಬೆಲೆಯ ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿತು. ನೆಲ, ನೀರು, ಆರೋಗ್ಯ, ಇತಿಹಾಸ ಎಲ್ಲವೂ ಅವುಗಳಲ್ಲಿ ಬಂದವು. ಈಗ ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಪುಸ್ತಕ ಪ್ರಕಟಿಸುವ ಪ್ರಸಾರಾಂಗವಿದೆ. ಘಟಿಕೋತ್ಸವದ ದಿನ ಪಿಎಚ್‌.ಡಿ. ಪಡೆದ ಪ್ರತಿಯೊಬ್ಬರೂ ತಾವು ಕಂಡುಕೊಂಡದ್ದನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಟ್ಟರೆ, ಅದನ್ನು ಪ್ರಸಾರಾಂಗ ಒಂದು ಹೊತ್ತಿಗೆಯಾಗಿ ತಂದರೆ, ವರದಿಗಾರರಿಗೆ ‘ಒಟ್ಟು ಇಷ್ಟು ಮಂದಿಗೆ ಪಿಎಚ್‌.ಡಿ.’ ಎಂದು ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಅಷ್ಟನ್ನು ಕನ್ನಡದಲ್ಲಿ ಬರೆಯಲಾಗದಿದ್ದರೆ ಗೈಡ್‌ಗಳು ಪಕ್ಕದಲ್ಲಿ ಕೂತು ಬರೆಸಲಿ. ಭೌತವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವವರ ಮಾತನ್ನು ನಾನು ಬಹಳ ಕೇಳಿದ್ದೇನೆ; ಪ್ರಯತ್ನಿಸಿ ಸೋತು ಹಾಗೆಂದವರನ್ನು ಕಂಡಿಲ್ಲ.

ಪತ್ರಿಕೆಯವರಾದ ನಮ್ಮ ಪಾಲೂ ಇದೆ. ವೇದಿಕೆ ಇಳಿದು ಬಂದವರನ್ನು ಸುತ್ತುವರಿದಾಗ ‘ಎಷ್ಟು ಕಷ್ಟಪಟ್ಟಿರಿ’ ಎಂಬುದರ ಜೊತೆಗೆ ‘ಏನು ಕಂಡುಕೊಂಡಿರಿ’ ಎಂದೂ ಕೇಳಬೇಕು. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬೇಕು.

ಪಾವಗಡದ ಆ ಹುಡುಗಿ ಕೆಂಪು ರೆಕ್ಸಿನ್ ಹೊದಿಕೆಯ, ಚಿನ್ನದ ಬಣ್ಣದ ಅಕ್ಷರಗಳ ಪ್ರಬಂಧವನ್ನು ಮನೆಗೆ ಒಯ್ದಾಗ ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸವರಿದರಂತೆ. ಆಮೇಲೆ ಕೇಳಿದರಂತೆ: ‘ಏನವ್ವಾ, ನಮ್ಮ ಬೋರಿನ ನೀರು ಕುಡೀಬೋದಾ, ಬ್ಯಾಡ್ವಾ? ಅದನ್ನ ಬರ್ದಿದೀಯಾ ಇದ್ರಾಗೆ?’ ಬರೆದಿದ್ದಳು, ಇಂಗ್ಲಿಷಿನಲ್ಲಿ, ಕೋಷ್ಟಕದ ಒಳಗೆ. ಆ ರಾತ್ರಿ ಕೂತು ತನ್ನೂರಿನ ಮತ್ತು ಸುತ್ತಲಿನ ಹಳ್ಳಿಗಳ ಕೊಳವೆಬಾವಿಗಳ ಪಟ್ಟಿಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಕನ್ನಡದಲ್ಲಿ ಬರೆದಳು. ಯಾವ ಬಾವಿಯದು ಅಡುಗೆಗೆ ಮತ್ತು ಕುಡಿಯಲು, ಯಾವುದು ಬಟ್ಟೆ ಒಗೆಯಲು ಮಾತ್ರ. ಮಳೆಗಾಲದಲ್ಲಿ ಹೇಗೆ, ಬೇಸಿಗೆಯಲ್ಲಿ ಹೇಗೆ. ಹಾಳೆ ಈಗ ಪಂಚಾಯಿತಿ ಕಚೇರಿಯ ಬಾಗಿಲ ಪಕ್ಕದಲ್ಲಿದೆ. ಓದಲು ಬಾರದವರಿಗಾಗಿ ಕುಡಿಯಬಾರದ ಬಾವಿಗಳ ಮುಂದೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ಒಂದೊಂದು ಬೊಟ್ಟು ಇಟ್ಟಿದ್ದಾಳೆ.