ಕೂತು ಏಳುವಾಗ ಪಾದ ನೋವೇ? ಅಲಕ್ಷ್ಯ ಬೇಡ

ಕೊತ್ತಪಲ್ಲಿಯಂಥ ನಮ್ಮ ಊರುಗಳಲ್ಲಿ ಶೇಂಗಾ ಕಾಯಿ ಹರಿಯಲು ಬೆಳಿಗ್ಗೆ ಕೂತವರು ಮಧ್ಯಾಹ್ನ ಬುತ್ತಿ ಬಿಚ್ಚಲು ಏಳುವುದನ್ನು ನೋಡಿ. ಒಬ್ಬರು ನೆಲಕ್ಕೆ ಕೈಯೂರಿ ಏಳುತ್ತಾರೆ. ಇನ್ನೊಬ್ಬರು ಹಿಮ್ಮಡಿ ತಾಗಿಸದೆ ನಾಲ್ಕು ಹೆಜ್ಜೆ ಕುಂಟುತ್ತಾರೆ. ಮತ್ತೊಬ್ಬರು ಜೋಮು ಹಿಡಿದ ಕಾಲನ್ನು ತಿಕ್ಕುತ್ತಾ ನಿಲ್ಲುತ್ತಾರೆ. ಬಲಿಪೂಜೆಯಲ್ಲಿ ಚಾಪೆಯ ಮೇಲೆ ಕೂತು ಏಳುವಾಗಲೂ ಇದೇ ಕಥೆ. ಏನಾಯಿತೆಂದು ಕೇಳಿದರೆ "ವಾಯು ಹಿಡಿದಿದೆ", "ವಯಸ್ಸಾಯಿತಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಕೂತು ಏಳುವಾಗ ಬರುವ ನೋವಿಗೆ ಕಾರಣ ಒಂದಲ್ಲ. ಎಲ್ಲದಕ್ಕೂ ಒಂದೇ ಮಾತ್ರೆ ನುಂಗುವುದು ಎಲ್ಲ ಬೆಳೆಗೂ ಒಂದೇ ಔಷಧ ಹೊಡೆದ ಹಾಗೆ.

ಹೆಚ್ಚು ಜನರಲ್ಲಿ ಕಾಣುವುದು ಹಿಮ್ಮಡಿ ನೋವು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ಪಟ್ಟಿ ಇದೆ. ನಾವು ಕೂತಾಗ, ಮಲಗಿದಾಗ ಅದು ಬಿಗಿದುಕೊಳ್ಳುತ್ತದೆ. ಎದ್ದು ಭಾರ ಹಾಕಿದೊಡನೆ ಜಗ್ಗುತ್ತದೆ. ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ನೋವು ಇಳಿದರೆ ಸಾಮಾನ್ಯವಾಗಿ ಕಾರಣ ಇದೇ. ಗಟ್ಟಿ ನೆಲದ ಮೇಲೆ ಬರಿಗಾಲ ನಡಿಗೆ, ಸವೆದ ಚಪ್ಪಲಿ, ಮೈಭಾರ, ಇವೆಲ್ಲ ಇದನ್ನು ಹೆಚ್ಚಿಸುತ್ತವೆ. ಏಳುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು, ಹತ್ತು ಎಣಿಸುವ ತನಕ ಹಿಡಿದು ಬಿಡಿ. ಹೀಗೆ ಹತ್ತು ಸಲ ಮಾಡಿ. ಹಿಮ್ಮಡಿಗೆ ಮೆತ್ತೆ ಇರುವ ಚಪ್ಪಲಿ ಹಾಕಿ. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಮೂಳೆ ಬೆಳೆದಂತೆ ಕಂಡರೆ ಗಾಬರಿಯಾಗಿ ಹಣ ಸುರಿಯಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮೂಳೆ ಇರುತ್ತದೆ.

ಎರಡನೆಯದು ನರದ ತೊಂದರೆ. ಮೊಣಕಾಲಿನ ಕೆಳಗೆ, ಹೊರಮಗ್ಗುಲಲ್ಲಿ, ಚರ್ಮಕ್ಕೆ ತೀರ ಹತ್ತಿರ ಒಂದು ನರ ಹಾದುಹೋಗುತ್ತದೆ. ಕಳೆ ತೆಗೆಯುವಾಗ ಕುಕ್ಕರುಗಾಲಲ್ಲಿ ತಾಸುಗಟ್ಟಲೆ ಕೂತರೆ ಅದು ಅದುಮಿಕೊಳ್ಳುತ್ತದೆ. ಎದ್ದು ಐದು ಹತ್ತು ನಿಮಿಷದಲ್ಲಿ ಜೋಮು ಬಿಟ್ಟರೆ ಭಯವಿಲ್ಲ. ಆದರೆ ಪಾದ ಮೇಲಕ್ಕೆತ್ತಲು ಬಾರದೆ, ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಪಶ್ಚಿಮ ದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಕೀಳುವ ಕೂಲಿಗಳಿಗೆ ಹೀಗಾಗುವುದನ್ನು ಕಂಡು, ವೈದ್ಯರು ಈ ರೋಗಕ್ಕೆ ಅವರ ಕೆಲಸದ ಹೆಸರನ್ನೇ ಇಟ್ಟಿದ್ದಾರೆ.

ನಾರಾಯಣಪೇಟೆ, ಗದ್ವಾಲಿನ ಸೀರೆಗಳಿಗೆ ದೇಶದಲ್ಲೆಲ್ಲ ಹೆಸರಿದೆ. ಅವನ್ನು ನೇಯುವವರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಬೆನ್ನು ಬಾಗಿಸಿ ದಿನವಿಡೀ ಕೂತಿರುತ್ತಾರೆ. ಟ್ರ್ಯಾಕ್ಟರ್ ನಡೆಸುವವರದೂ ಇದೇ ಪಾಡು. ನೋವು ಸೊಂಟದಿಂದ ಹೊರಟು ತೊಡೆಯ ಹಿಂದೆ ಹಾದು ಪಾದಕ್ಕೆ ಇಳಿಯುತ್ತಿದ್ದರೆ ಅದರ ಬೇರು ಬೆನ್ನುಮೂಳೆಯಲ್ಲಿದೆ. ಪಾದಕ್ಕೆ ಎಣ್ಣೆ ತಿಕ್ಕಿದರೆ ಗುಣವಾಗದು. ಅದರ ಜೊತೆಗೆ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದುಡಿಮೆಗಾಗಿ ಪುಣೆ, ಮುಂಬಯಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಬಹಳ ಹೊತ್ತು ಕಾಲು ಅಲುಗದಿದ್ದರೆ ಒಳಗಿನ ರಕ್ತ ಹೆಪ್ಪುಗಟ್ಟಬಹುದು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಕುರ್ಚಿಗಳ ಮೇಲೆ ಕೂತಿರುತ್ತಿದ್ದರು. ಅವರಲ್ಲಿ ಕೆಲವರು ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಸರಿದು ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ದಾಖಲಿಸಿದರು. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಿಸಬೇಡಿ, ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ಕಾಯಬೇಡಿ. ಬಾಣಂತಿಯರು ದೂರ ಪ್ರಯಾಣದಲ್ಲಿ ಹೆಚ್ಚು ಜಾಗ್ರತೆಯಿಂದಿರಬೇಕು.

ಇಷ್ಟೆಲ್ಲ ಕೂರುವುದರಿಂದ ಬರುವ ನೋವಾಯಿತು. ನಮಗೆ ಹೆಚ್ಚಿನ ಚಿಂತೆ ಇರುವುದು, ಕೂತಾಗ ಗಮನಕ್ಕೆ ಬಂದರೂ ಕೂತದ್ದರಿಂದ ಬಾರದ ನೋವಿನ ಬಗ್ಗೆ. ಎರಡೂ ಅಂಗಾಲು ಉರಿಯುವುದು, ಇರುವೆ ಹರಿದಂತಾಗುವುದು, ರಾತ್ರಿ ಹೆಚ್ಚಾಗುವುದು ಸಕ್ಕರೆ ಕಾಯಿಲೆಯ ಗುರುತಾಗಿರಬಹುದು. ಈ ಉರಿ ಬರಬರುತ್ತ ಕಡಿಮೆಯಾದರೆ "ಗುಣವಾಯಿತು" ಎಂದು ಸಂತೋಷಪಡಬೇಡಿ. ನರ ಸತ್ತು ಸ್ಪರ್ಶವೇ ಹೋಗಿರಬಹುದು. ಆಗ ಮುಳ್ಳು ಚುಚ್ಚಿದರೂ ತಿಳಿಯದು. ಗಾಯ ಕೊಳೆತು ಕಾಲನ್ನೇ ಕತ್ತರಿಸುವ ಹಂತಕ್ಕೆ ಹೋಗಬಹುದು. ಸ್ಪರ್ಶವಿಲ್ಲದ ಮಚ್ಚೆಯೂ ಇದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು. ಅದು ಪೂರ್ತಿ ವಾಸಿಯಾಗುವ ರೋಗ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ನಾಚಿಕೆ ಬೇಡ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅಜ್ಜ ಅಜ್ಜಿ ಕಣ್ಣು ಮುಚ್ಚಿಕೊಳ್ಳಲಿ. ಮೊಮ್ಮಕ್ಕಳು ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ. ಆರರಲ್ಲಿ ಎರಡು ಬೆರಳಿನ ಸ್ಪರ್ಶ ತಿಳಿಯದಿದ್ದರೂ ಡಾಕ್ಟರಿಗೆ ತೋರಿಸಿ. ಮೂವತ್ತು ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಅದಾಗುವ ತನಕ ಕಾಲನ್ನು ಬಿಸಿನೀರಲ್ಲಿ ಇಡಬೇಡಿ, ಕಾವು ಕೊಡಬೇಡಿ. ಸ್ಪರ್ಶವಿಲ್ಲದ ಕಾಲು ಸುಟ್ಟರೂ ಗೊತ್ತಾಗದು.

ನೋವಿಗೆ ಸೂಜಿ ಹಾಕಿಸಿಕೊಂಡು ಮರುದಿನ ಹೊಲಕ್ಕೆ ಹೋಗುವ ರೂಢಿ ನಮ್ಮಲ್ಲಿ ಬೆಳೆದಿದೆ. ನೋವಿನ ಮಾತ್ರೆಗಳನ್ನು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಕಾರಣವಂತೂ ಇದ್ದಲ್ಲೇ ಇರುತ್ತದೆ.

ಕೊನೆಯ ಮಾತು ಹೊಲದ ಯಜಮಾನರಿಗೆ. ನಮ್ಮಲ್ಲಿ ಹಲವರು ಒಂದು ದಿನ ಆಳು, ಇನ್ನೊಂದು ದಿನ ಯಜಮಾನ. ಕೂಲಿಗೆ ಬಂದ ಅಕ್ಕತಂಗಿಯರು ನಡುವೆ ಎದ್ದು ನಿಂತರೆ "ಸೋಮಾರಿಗಳು" ಎಂದು ನಾವೇ ಗೊಣಗುತ್ತೇವೆ. ಎತ್ತಿಗಾದರೂ ಸಾಲು ಮುಗಿದಾಗ ಉಸಿರಾಡಲು ಬಿಡುತ್ತೇವಲ್ಲವೇ? ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯುವುದು, ಕಾಯಿ ಹರಿಯಲು ಕೂರುವವರಿಗೆ ಒಂದು ಗಿಡ್ಡ ಮಣೆ ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಕಾಲು ಉಳಿದರೆ ಕೆಲಸವೂ ಉಳಿಯುತ್ತದೆ. ಈ ಹಂಗಾಮಿನಿಂದಲೇ ನಮ್ಮ ನಮ್ಮ ಹೊಲಗಳಲ್ಲಿ ಇದನ್ನು ಆರಂಭಿಸೋಣ.